ಮಕ್ಕಳ ಬೊಜ್ಜು: ಅದರ ವ್ಯಾಪ್ತಿ ಮತ್ತು ಮೂಲ

ದುಂಡಗಿರುವ ಮಗುವೇ ಆರೋಗ್ಯವಂತ ಮಗುವೆಂದು ಭಾವಿಸುವುದು ನಮ್ಮ ಜನರ ಬಹುಕಾಲದ ರೂಢಿ. ಬರಗಾಲಗಳನ್ನು ಕಂಡ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಈ ಭಾವನೆ ಬೇರೂರಿದುದರಲ್ಲಿ ಆಶ್ಚರ್ಯವಿಲ್ಲ. ಮೈಯಲ್ಲಿ ಕೂಡಿದ ಕೊಬ್ಬು ಹಸಿವಿನ ದಿನಗಳಿಗೆ ಕಣಜವಿದ್ದಂತೆ. ಆದರೆ ಈ ಕಣಜ ಅಳತೆ ಮೀರಿ ತುಂಬಿದರೆ ಅದೂ ಒಂದು ವ್ಯಾಧಿಯೇ. ಕಣ್ಣಂದಾಜಿನಿಂದ ಅದನ್ನು ನಿರ್ಣಯಿಸಲಾಗದು. ಐದು ವರ್ಷದೊಳಗಿನ ಮಗುವಿನ ತೂಕವನ್ನು ಅದರ ಎತ್ತರಕ್ಕೆ ಹೋಲಿಸಿ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡದ ಮಧ್ಯಾಂಕಕ್ಕಿಂತ ಅದು ಎರಡು ಮಾನಕ ವಿಚಲನೆಗಳನ್ನು ಮೀರಿದರೆ ಅತಿತೂಕವೆಂದೂ, ಮೂರನ್ನು ಮೀರಿದರೆ ಬೊಜ್ಜೆಂದೂ ಗಣಿಸುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ಶೇಕಡಾ 2.1 ಇದ್ದರು, 2019-21ರಲ್ಲಿ 3.4 ಆದರು. ಈ ಸಂಖ್ಯೆ ಅಲ್ಪವೆಂದು ತೋರಬಹುದು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರು ವಯಸ್ಸಿಗೆ ತಕ್ಕ ತೂಕವಿಲ್ಲದವರು! ಹಾಗಿರುವಾಗ ಬೊಜ್ಜಿನ ಮಾತೇಕೆ ಎಂದು ವಾಚಕರು ಕೇಳಬಹುದು. ಇವೆರಡೂ ಒಂದಕ್ಕೊಂದು ಹೊರಗಿನವಲ್ಲವೆಂಬುದೇ ಇದಕ್ಕೆ ಉತ್ತರ.

ಇದಕ್ಕೆ ಸಾಕ್ಷ್ಯ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹಲವು ವರ್ಷ ಅಳೆಯುತ್ತ ಬಂದರು. ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ ಮೈಸೂರಿನ ಶಿಶುಗಳು ತೂಕದಲ್ಲಿಯೂ ತೋಳಿನ ಸುತ್ತಳತೆಯಲ್ಲಿಯೂ ಬಹಳ ಹಿಂದೆ ಬಿದ್ದಿದ್ದವು. ಆದರೆ ಹೆಗಲೆಲುಬಿನ ಕೆಳಗಿನ ಚರ್ಮವನ್ನು ಚಿವುಟಿ ಹಿಡಿದು ಅಳೆದಾಗ ಕೊರತೆ ಅತ್ಯಲ್ಪವಾಗಿತ್ತು. ನಾಲ್ಕನೆಯ ವರ್ಷಕ್ಕೆ ಈ ಅಳತೆ ಇಂಗ್ಲೆಂಡಿನ ಮಕ್ಕಳದನ್ನೂ ಮೀರಿತು. ಅಂದರೆ, ಸಣಕಲಾಗಿ ಕಾಣುವ ನಮ್ಮ ಶಿಶುವು ಸ್ನಾಯುವಿನಲ್ಲಿ ಬಡವ, ಕೊಬ್ಬಿನಲ್ಲಿ ಅಲ್ಲ! ಇಷ್ಟೇ ಅಲ್ಲ. ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳು ಹುಟ್ಟುವಾಗ ದೊಡ್ಡವರಾಗಿದ್ದರು. ಒಂದು ವರ್ಷದ ವೇಳೆಗೆ ಈ ಭೇದ ತಗ್ಗಿತು. ಐದನೆಯ ವರ್ಷದಲ್ಲಿ ಅವರ ಹೆಣ್ಣುಮಕ್ಕಳಲ್ಲಿ ಹೆಚ್ಚಿನ ಕೊಬ್ಬಾಗಿಯೂ ಇನ್ಸುಲಿನ್ನಿನ ಏರಿಕೆಯಾಗಿಯೂ ಮತ್ತೆ ಕಾಣಿಸಿಕೊಂಡಿತು. ಮಗಳು ಮುಂದೆ ತಾಯಿಯಾದಾಗ ಈ ಚಕ್ರ ಮುಂದುವರಿಯಬಹುದೆಂಬುದು ಇಲ್ಲಿನ ನಿಜವಾದ ಆತಂಕ.

ವಂಶವಾಹಿಗಳ ಪಾತ್ರವೂ ಉಂಟು. ತೃಪ್ತಿಯನ್ನು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಹುಟ್ಟಿನಿಂದಲೇ ಇಲ್ಲದ ಇಬ್ಬರು ಮಕ್ಕಳ ವೃತ್ತಾಂತ 1997ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಂಟು ವರ್ಷದ ಹುಡುಗಿ 86 ಕಿಲೋಗ್ರಾಂ ತೂಗುತ್ತಿದ್ದಳು. ಇಂತಹವು ಅತಿವಿರಳ. ಬಹುಪಾಲು ಮಕ್ಕಳಲ್ಲಿ ಅನೇಕ ವಂಶವಾಹಿಗಳು ಕೂಡಿ ಒಲವನ್ನಷ್ಟೇ ಉಂಟುಮಾಡುತ್ತವೆ. ಉಳಿದುದು ಆಹಾರ, ಆಟ, ನಿದ್ರೆಗಳಿಗೆ ಸೇರಿದ್ದು.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಕಿಲೋಗ್ರಾಂ ಮೇದಸ್ಸಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ದಿನಕ್ಕೆ 50 ಕಿಲೋಕ್ಯಾಲೊರಿ ಹೆಚ್ಚಾಗಿ ಉಳಿದರೂ ವರ್ಷಕ್ಕೆ ಎರಡು ಕಿಲೋಗ್ರಾಮಿಗೂ ಮೀರಿದ ಕೊಬ್ಬಾದೀತು. 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 170 ಕಿಲೋಕ್ಯಾಲೊರಿ, ಅಷ್ಟೇ ತೂಕದ ಸಿಹಿ ಬಿಸ್ಕತ್ತಿನಲ್ಲಿ ಸುಮಾರು 225. ರೊಟ್ಟಿಯನ್ನು ಪುಂಡಿಪಲ್ಲೆಯೊಡನೆ ಅಗಿದು ನುಂಗಬೇಕು. ಬಿಸ್ಕತ್ತು ಮೊಬೈಲು ನೋಡುತ್ತಿರುವಾಗಲೇ ಮುಗಿದುಹೋಗುತ್ತದೆ, ಹೊಟ್ಟೆ ತುಂಬಿತೆಂಬ ಅರಿವು ಮೂಡುವ ಮುನ್ನವೇ.

ತಾಯ್ತಂದೆಗಳು ಮುಖ್ಯವಾಗಿ ಅರಿಯಬೇಕಾದ ಇನ್ನೊಂದು ಸಂಗತಿಯಿದೆ. ಎತ್ತರಕ್ಕೆ ಹೋಲಿಸಿದ ಮಗುವಿನ ದಪ್ಪ ಮೊದಲ ವರ್ಷದಲ್ಲಿ ಏರಿ, ಬಳಿಕ ಇಳಿಯುತ್ತ, ಐದಾರು ವರ್ಷದ ಸುಮಾರಿಗೆ ಕನಿಷ್ಠಮಟ್ಟ ಮುಟ್ಟಿ, ಮತ್ತೆ ಏರತೊಡಗುತ್ತದೆ. ಇದು ಪ್ರಕೃತಿಸಹಜ. ಆದರೆ "ಕೂಸು ಸೊರಗಿತು" ಎಂದು ಅಜ್ಜಿ ತುಪ್ಪ, ಸಕ್ಕರೆಗಳನ್ನು ತುರುಕುವುದು ಬಹುಮಟ್ಟಿಗೆ ಇದೇ ಕಾಲದಲ್ಲಿ! ಈ ಮರುಏರಿಕೆ ಮೂರು ನಾಲ್ಕನೆಯ ವರ್ಷದಲ್ಲಿಯೇ ಆರಂಭವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಬರುವ ಸಂಭವ ಹೆಚ್ಚು. ಅಂಗನವಾಡಿಯಲ್ಲಿ ತೂಕದೊಡನೆ ಎತ್ತರವನ್ನೂ ಬರೆದಿಟ್ಟರೆ ಈ ತಿರುವು ಗೆರೆಯಾಗಿ ಕಣ್ಣಿಗೆ ಕಾಣುತ್ತದೆ.