ಅಚ್ಚು ಎಷ್ಟು? ಹೊರೆ ಎಷ್ಟು?

ಎತ್ತಿನ ಗಾಡಿಯನ್ನು ನಾವೆಲ್ಲ ಬಲ್ಲೆವು. ಎರಡು ಗಾಲಿ. ನಡುವೆ ಒಂದು ಅಚ್ಚು. ಗಾಲಿ ಕಳಚಿ ಬೀಳದಂತೆ ತುದಿಯಲ್ಲಿ ಕಡಾಣಿ. ಗಾಡಿಯ ಹೊರೆಯೆಲ್ಲ ಕೂರುವುದು ಅಚ್ಚಿನ ಮೇಲೆ.

ಲಾರಿಗೂ ಅಚ್ಚು ಉಂಟು. ಡ್ರೈವರುಗಳು ಅದನ್ನು ಆಕ್ಸಲ್ ಅನ್ನುತ್ತಾರೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು: "ಟೀಚರಮ್ಮಾ, ನನ್ನ ಮಗ ಆರು ಗಾಲಿ ಲಾರಿ ಓಡಿಸ್ತಾನೆ. ಹಾಗಾದ್ರೆ ಮೂರು ಅಚ್ಚಾ?"

ಅಲ್ಲ, ಎರಡೇ ಅಚ್ಚು. ಮುಂದಿನ ಅಚ್ಚಿಗೆ ಎರಡು ಗಾಲಿ. ಹಿಂದಿನ ಅಚ್ಚಿಗೆ ನಾಲ್ಕು ಗಾಲಿ. ಒಂದೊಂದು ಬದಿಗೆ ಜೋಡಿ ಗಾಲಿ ಇರುತ್ತದೆ. ಹತ್ತು ಗಾಲಿ ಲಾರಿಗೆ ಮೂರು ಅಚ್ಚು. ಮುಂದೆ ಒಂದು, ಹಿಂದೆ ಎರಡು.

ಒಂದು ಅಚ್ಚು ಎಷ್ಟು ಹೊರೆ ಹೊರಬಹುದು? ಸರ್ಕಾರ ಇದಕ್ಕೆ ಮಿತಿ ಹಾಕಿದೆ. 2018ರಲ್ಲಿ ಈ ಮಿತಿ ಹೆಚ್ಚಾಯಿತು. ಎರಡು ಗಾಲಿಯ ಮುಂದಿನ ಅಚ್ಚಿಗೆ 7 ಟನ್. ನಾಲ್ಕು ಗಾಲಿಯ ಹಿಂದಿನ ಅಚ್ಚಿಗೆ 11.5 ಟನ್. ಕೂಡಿಸೋಣ. ಒಟ್ಟು 18.5 ಟನ್.

ಇದೆಲ್ಲ ಮಾಲಿನ ತೂಕವಲ್ಲ. ಲಾರಿಯ ಸ್ವಂತ ತೂಕವೂ ಇದರಲ್ಲೇ ಸೇರಿದೆ. ಅದನ್ನು ಕಳೆದು ಉಳಿದಷ್ಟೇ ಮಾಲು. ಹಳೆಯ ಲಾರಿಗೆ ಮಿತಿ ಇನ್ನೂ ಕಡಿಮೆ ಇರಬಹುದು. ಲಾರಿಯ ಆರ್.ಸಿ.ಯಲ್ಲಿ ಬರೆದ ಅಂಕಿಯೇ ಲೆಕ್ಕ.

ಹೆಚ್ಚು ಹೊರೆ ಹೇರಿದರೆ ಏನಾಗುತ್ತದೆ? ಬ್ರೇಕ್ ಒತ್ತಿದರೂ ಲಾರಿ ಬೇಗ ನಿಲ್ಲುವುದಿಲ್ಲ. ಗಾಲಿ ಕಾದು ಟೈರ್ ಒಡೆಯಬಹುದು. ಅಚ್ಚು ಮುರಿಯಬಹುದು. ಘಾಟಿ ಇಳಿಯುವಾಗ ಇದು ಜೀವಕ್ಕೇ ಅಪಾಯ. ರಸ್ತೆಯೂ ಹಾಳು. ಅಚ್ಚಿನ ಮೇಲೆ ಎರಡು ಪಟ್ಟು ಹೊರೆ ಬಿದ್ದರೆ ರಸ್ತೆಗೆ ಸುಮಾರು 16 ಪಟ್ಟು ಪೆಟ್ಟು.

ದಂಡವೂ ದೊಡ್ಡದು. 2019ರ ತಿದ್ದುಪಡಿ ಕಾಯ್ದೆಯ ಪ್ರಕಾರ 20,000 ರೂಪಾಯಿ. ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಮಾಲನ್ನೂ ಇಳಿಸಬೇಕು.

ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮಾಲು ಸಾಹುಕಾರಂದು, ಜೀವ ನನ್ನ ಮಗಂದು. ಈ ಸಲ ಬರ್ಲಿ, ಆರ್.ಸಿ. ತೋರಿಸು ಅಂತೀನಿ. ತೂಕದ ಚೀಟೀನೂ ತೋರಿಸು ಅಂತೀನಿ. ಎರಡನ್ನೂ ನಾನೇ ಓದ್ತೀನಿ."

ನಾವೂ ಓದೋಣ. ಅಂಕಿ ಕಲಿತದ್ದು ಇದಕ್ಕೇ ಅಲ್ಲವೆ?

ಓದಿ, ಬರೆಯಿರಿ:
ಅಚ್ಚು, ಗಾಲಿ, ಹೊರೆ, ಮಿತಿ, ತೂಕ, ದಂಡ

ಲೆಕ್ಕ ಮಾಡಿ:
ಒಂದು ಲಾರಿಯ ಒಟ್ಟು ಮಿತಿ 18.5 ಟನ್. ಖಾಲಿ ಲಾರಿಯ ತೂಕ 6.5 ಟನ್. ಎಷ್ಟು ಟನ್ ಮಾಲು ಹೇರಬಹುದು? 50 ಕಿಲೋ ಚೀಲವಾದರೆ ಎಷ್ಟು ಚೀಲ?
(1 ಟನ್ = 1,000 ಕಿಲೋ)

ಉತ್ತರ: 12 ಟನ್, 240 ಚೀಲ.