ಕೀಲು ಹಾಕಿಸಿದ ಕಾಲು ಮುರಿದರೆ

ತಮ್ಮಾ, ತಂಗೀ, ಆಯಿಗೋ ಅಪ್ಪನಿಗೋ ಸೊಂಟದ ಕೀಲು, ಇಲ್ಲವೇ ಮಂಡಿ ಬದಲಾಯಿಸಿದ ಮನೆಯವರಿಗೆ ಈ ಮಾತು. ನೋವು ಹೋಯಿತು, ಇನ್ನೇನೂ ಚಿಂತೆಯಿಲ್ಲ ಎಂದುಕೊಳ್ಳುತ್ತೇವೆ. ಆದರೆ ಲೋಹ ಗಟ್ಟಿಯಾಗಿದ್ದರೂ ಅದನ್ನು ಹಿಡಿದುಕೊಂಡ ಎಲುಬು ವಯಸ್ಸಿನೊಂದಿಗೆ ಟೊಳ್ಳಾಗುತ್ತದೆ. ಹಾವಸೆ ಕಟ್ಟಿದ ಅಂಗಳದಲ್ಲೋ ಬಚ್ಚಲಲ್ಲೋ ಒಮ್ಮೆ ಜಾರಿದರೆ ಸಾಕು, ಎಲುಬಿನೊಳಗೆ ಕೂರಿಸಿದ ಲೋಹದ ಕಡ್ಡಿಯ ತುದಿಯ ಹತ್ತಿರ ತೊಡೆಯೆಲುಬು ಮುರಿದೀತು.

ಬಿದ್ದವರನ್ನು ಎಬ್ಬಿಸಿ ನಡೆಸಿ ನೋಡಬೇಡಿ. ಎಣ್ಣೆ ತಿಕ್ಕಿಸಬೇಡಿ, ದಬ್ಬೆ ಕಟ್ಟಿಸಬೇಡಿ. ಅಂಕೋಲೆ ಕಡೆಯ ನಾಟಿ ವೈದ್ಯರ ಮೇಲೆ ನನಗೂ ಗೌರವವಿದೆ; ಆದರೆ ಒಳಗೆ ಲೋಹವಿರುವ ಕಾಲು ಅವರ ಕೈಗೆ ಕೊಡುವಂಥದ್ದಲ್ಲ. ಎರಡು ಕಾಲಿನ ನಡುವೆ ದಿಂಬಿಟ್ಟು, ಹಳೆ ಸೀರೆಯಿಂದ ಬಿಗಿಯಾಗದಂತೆ ಸುತ್ತಿ, 108ಕ್ಕೆ ಫೋನ್ ಮಾಡಿ. ಎಕ್ಸ್-ರೇಯಲ್ಲಿ ಸೊಂಟದಿಂದ ಮಂಡಿಯವರೆಗೆ ಪೂರ್ತಿ ತೊಡೆ ಕಾಣಬೇಕು.

ಸೊಂಟದ ಕೀಲಾದರೆ ಚಿಕಿತ್ಸೆಯೆಲ್ಲ ನಿಂತಿರುವುದು ಒಳಗಿನ ಕಡ್ಡಿ ಗಟ್ಟಿಯಿದೆಯೋ ಸಡಿಲವಾಗಿದೆಯೋ ಎಂಬುದರ ಮೇಲೆ. ಕೆನಡಾದ ವ್ಯಾಂಕೂವರಿನ ಡಂಕನ್ ಮತ್ತು ಮಸ್ರಿ 1995ರಲ್ಲಿ ಮಾಡಿದ ವಿಂಗಡಣೆಯನ್ನೇ ಇಂದಿಗೂ ವೈದ್ಯರು ಬಳಸುತ್ತಾರೆ. ಕಡ್ಡಿ ಗಟ್ಟಿಯಿದ್ದರೆ ಪ್ಲೇಟು, ಸ್ಕ್ರೂ, ಸುತ್ತ ತಂತಿ ಬಿಗಿದು ಎಲುಬು ಕೂಡಿಸುತ್ತಾರೆ. ಸಡಿಲವಾಗಿದ್ದರೆ ಪ್ಲೇಟೊಂದೇ ಸಾಲದು. ಸಾಮಾನ್ಯವಾಗಿ ಹಳೆಯದನ್ನು ತೆಗೆದು, ಮುರಿದ ಜಾಗ ದಾಟುವಷ್ಟು ಉದ್ದದ ಹೊಸ ಕಡ್ಡಿ ಕೂರಿಸಬೇಕು. ಸಡಿಲವಾದದ್ದು ಕಾಣದೆ ಬರೀ ಪ್ಲೇಟು ಹಾಕಿದರೆ ಅದು ಸೋಲುವ ಸಂಭವವೇ ಹೆಚ್ಚು. ಕಡ್ಡಿ ಮೊದಲೇ ಸಡಿಲವಾಗಿತ್ತೇ ಎಂದು ಅಂದಾಜಿಸಲು, ಬೀಳುವ ಮೊದಲೇ ಕುರ್ಚಿಯಿಂದ ಏಳುವಾಗ ತೊಡೆ ನೋಯುತ್ತಿತ್ತೇ ಎಂದು ಆಯಿಯನ್ನು ಕೇಳಿ, ಡಾಕ್ಟರಿಗೆ ಹೇಳಿ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಹೇಳಿ.

ಮಂಡಿಯದು ಬೇರೆ ಕಥೆ. ಕೃತಕ ಮಂಡಿ ಗಟ್ಟಿಯಿದ್ದು, ಅದರ ಮೇಲ್ಗಡೆ ತೊಡೆಯೆಲುಬು ಮುರಿದರೆ ಪ್ಲೇಟು ಹಾಕಬಹುದು, ಇಲ್ಲವೇ ಮಂಡಿಯ ಕಡೆಯಿಂದ ಎಲುಬಿನೊಳಗೆ ಸರಳು ತೂರಿಸಬಹುದು. ಆದರೆ ಕೆಲವು ಕೃತಕ ಮಂಡಿಗಳ ನಡುವೆ ಸರಳು ಹೋಗಲು ಜಾಗವಿರುತ್ತದೆ, ಕೆಲವದರಲ್ಲಿ ಅದು ಮುಚ್ಚಿರುತ್ತದೆ. ಯಾವ ಕಂಪನಿ, ಯಾವ ಮಾದರಿ ಎಂಬುದು ಇರುವುದು ಮೊದಲ ಆಪರೇಷನ್ನಿನ ಫೈಲಿನಲ್ಲಿ ಅಂಟಿಸಿದ ಸಣ್ಣ ಸ್ಟಿಕರಿನಲ್ಲಿ. ಜಮೀನಿನ ಪಹಣಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ನಮ್ಮ ಜನ ಈ ಫೈಲನ್ನು ರದ್ದಿಗೆ ಹಾಕುತ್ತಾರೆ! ಅದರ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

ಆಪರೇಷನ್ ಬೇಕೆಂದರೆ ತಡಮಾಡಬೇಡಿ. ಮುದುಕರು ಹಾಸಿಗೆ ಹಿಡಿದಷ್ಟೂ ನ್ಯುಮೋನಿಯಾ, ಬೆನ್ನ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಗಾಯ ಮಾಗಿದ ಮೇಲೆ ಎಲುಬಿನ ಸಾಂದ್ರತೆ ಪರೀಕ್ಷೆಗೂ ಕರೆದೊಯ್ಯಿರಿ, ಇನ್ನೊಂದು ಕಾಲೂ ಅದೇ ವಯಸ್ಸಿನದು.

ನಮ್ಮ ಕಡೆ ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ; ಮೊದಲ ಆರೈಕೆ, ಎಕ್ಸ್-ರೇ ಅಲ್ಲೇ ಆಗಲಿ. ಮುಂದೆ ಕಳಿಸಿದರೆ ಗೋವಾದ ಬಾಂಬೋಳಿಯೋ, ಮಣಿಪಾಲವೋ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯೋ? ಮಳೆಗಾಲದಲ್ಲಿ ದಾರಿಯನ್ನೂ ನಂಬುವಂತಿಲ್ಲ: 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಕೀಲು ಬದಲಿಸುವುದು, ಮುರಿದ ಎಲುಬು ಕೂಡಿಸುವುದು ಎರಡನ್ನೂ ಬಲ್ಲ ಸರ್ಜನ್ ಎಲ್ಲಿದ್ದಾರೆ, ಅಲ್ಲಿಗೆ ಹೋಗಲು ಎರಡನೇ ದಾರಿ ಯಾವುದು ಎಂದು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.