ದೂರದ ಹಕ್ಕಿಯೂ ಆರುನೂರು ಮಿಲಿಮೀಟರ್ ಲೆನ್ಸೂ

ಕಳೆದ ಬೇಸಗೆಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಭಾರವಾದ ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಪ್ರಯೋಗಶಾಲೆಗೆ ಬಂದನು. ಹಕ್ಕಿಗಳ ಚಿತ್ರ ತೆಗೆಯುವುದು ಅವನ ಹವ್ಯಾಸ. ಎರಡು ವರ್ಷ ಕೂಡಿಟ್ಟ ಹಣದಿಂದ, ಬೇರೊಬ್ಬರು ಬಳಸಿದ್ದ ೬೦೦ ಮಿಲಿಮೀಟರಿನ ಜೂಮ್ ಲೆನ್ಸೊಂದನ್ನು ಅವನು ಕೊಂಡಿದ್ದನು. ಊರ ಹೊರಗಿನ ಕೆರೆಯ ನಡುಗಡ್ಡೆಯಲ್ಲಿ ಗೂಡು ಕಟ್ಟಿದ್ದ ಬಣ್ಣದ ಕೊಕ್ಕರೆಗಳ ಅರವತ್ತು ಚಿತ್ರಗಳನ್ನು ದಂಡೆಯಿಂದ ತೆಗೆದಿದ್ದನು. ಅವುಗಳಲ್ಲಿ ಒಂದೂ ಸ್ಫುಟವಾಗಿರಲಿಲ್ಲ. ಗರಿಗಳ ಅಂಚು ನೀರಿನಲ್ಲಿ ಕದಡಿದಂತೆ ಕಾಣುತ್ತಿತ್ತು. “ಲೆನ್ಸಿನಲ್ಲಿ ದೋಷವಿದೆಯೇ ಸರ್?” ಎಂದು ಕೇಳಿದನು. ಒಳಗಿನ ಗಾಜೊಂದು ಸ್ಥಾನ ತಪ್ಪಿರಬೇಕೆಂದು ನಾವು ಹೇಳಿಬಿಟ್ಟೆವು. ಅವನು ಅದನ್ನು ಅರ್ಧ ಬೆಲೆಗೆ ಮಾರಲು ಸಿದ್ಧನಾದನು.

ನಮ್ಮ ತೀರ್ಪು ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತೆಂಬುದನ್ನು ತಿಳಿಯಬೇಕಾದರೆ, ಇಂತಹ ಲೆನ್ಸು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಮೊದಲಿನಿಂದ ವಿಚಾರಿಸಬೇಕು.

ಸಂಗಮದೂರವೂ ಕೋನವೂ

ವಿಚಾರಕ್ಕೆ ಅನುಕೂಲವಾಗುವಂತೆ ಒಂದು ನಿಜವಾದ ಲೆನ್ಸನ್ನು ಎದುರಿಗಿಟ್ಟುಕೊಳ್ಳೋಣ. ಜಪಾನಿನ ಸೋನಿ ಸಂಸ್ಥೆಯು ಮಿರರ್‌ಲೆಸ್, ಎಂದರೆ ಕನ್ನಡಿಯಿಲ್ಲದ, ಕ್ಯಾಮೆರಾಗಳಿಗಾಗಿ ೨೦೧೯ರಲ್ಲಿ ಎಫ್‌ಇ ೨೦೦–೬೦೦ ಮಿ.ಮೀ. ಎಫ್/೫.೬–೬.೩ ಎಂಬ ಲೆನ್ಸನ್ನು ಹೊರತಂದಿತು. ಅದರ ಉದ್ದ ೩೧೮ ಮಿ.ಮೀ.; ತೂಕ ೨ ಕಿಲೋಗ್ರಾಮಿಗಿಂತ ತುಸು ಹೆಚ್ಚು; ಒಳಗೆ ೧೭ ಗುಂಪುಗಳಲ್ಲಿ ಜೋಡಿಸಿದ ೨೪ ಗಾಜುಗಳು. ಇಂತಹ ಒಂದೊಂದು ಗಾಜನ್ನು ‘ಮಸೂರ’ವೆಂದೂ, ಅವೆಲ್ಲವೂ ಸೇರಿದ ಇಡಿಯ ಕೊಳವೆಯನ್ನು ‘ಲೆನ್ಸು’ ಎಂದೂ ಈ ಲೇಖನದಲ್ಲಿ ಕರೆಯೋಣ.

೨೦೦, ೬೦೦ ಎಂಬ ಸಂಖ್ಯೆಗಳು ಸಂಗಮದೂರವನ್ನು ಹೇಳುತ್ತವೆ. ದೂರದ ವಸ್ತುವಿನ ಪ್ರತಿಬಿಂಬದ ಎತ್ತರವನ್ನು ತಿಳಿಯಲು ವಸ್ತುವಿನ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿದರೆ ಸಾಕು. ೬೦ ಸೆಂಟಿಮೀಟರ್ ಎತ್ತರದ ಬೆಳ್ಳಕ್ಕಿಯೊಂದು ನಮ್ಮಿಂದ ೬೦ ಮೀಟರ್ ದೂರದಲ್ಲಿ ನಿಂತಿದೆಯೆನ್ನೋಣ. ೫೦ ಮಿ.ಮೀ. ಲೆನ್ಸಿನಲ್ಲಿ ಅದರ ಪ್ರತಿಬಿಂಬ ಬರಿಯ ೦.೫ ಮಿ.ಮೀ. ಅದೇ ೬೦೦ ಮಿ.ಮೀ. ಲೆನ್ಸಿನಲ್ಲಿ ೬ ಮಿ.ಮೀ. ಸೆನ್ಸರಿನ ಅಳತೆ ೩೬ × ೨೪ ಮಿ.ಮೀ. ಆದುದರಿಂದ ಹಕ್ಕಿಯು ಚಿತ್ರದ ಎತ್ತರದಲ್ಲಿ ಕಾಲುಭಾಗವನ್ನು ತುಂಬುತ್ತದೆ.

ಈ ಲಾಭಕ್ಕೆ ಪ್ರತಿಯಾಗಿ ನೋಟದ ಹರವು ಕುಗ್ಗುತ್ತದೆ. ೨೦೦ ಮಿ.ಮೀ.ನಲ್ಲಿ ಈ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು ಹನ್ನೆರಡೂವರೆ ಡಿಗ್ರಿಗಳನ್ನು ನೋಡುತ್ತದೆ. ೬೦೦ರಲ್ಲಿ ೪ ಡಿಗ್ರಿಗಳಿಗಿಂತ ತುಸುವೇ ಹೆಚ್ಚು. ತೋಳನ್ನು ಮುಂದೆ ಚಾಚಿ ಹೆಬ್ಬೆರಳನ್ನು ನೋಡಿದರೆ ಅದರ ಅಗಲ ಸುಮಾರು ೨ ಡಿಗ್ರಿ. ಅಂತಹ ಎರಡು ಹೆಬ್ಬೆರಳುಗಳ ಕಿಂಡಿಯಿಂದ ಹಾರುವ ಹಕ್ಕಿಯನ್ನು ಹುಡುಕುವವನ ಪಾಡನ್ನು ವಾಚಕರೇ ಊಹಿಸಬಹುದು. ಜೂಮ್ ಬೇಕಾಗುವುದು ಇದಕ್ಕಾಗಿಯೇ. ಅಗಲವಾದ ನೋಟದಲ್ಲಿ ಹಕ್ಕಿಯನ್ನು ಕಂಡು, ಆಮೇಲೆ ನೋಟವನ್ನು ಕಿರಿದುಗೊಳಿಸುತ್ತ ಹೋಗಬಹುದು.

‘ಲೆನ್ಸು ಹಕ್ಕಿಯನ್ನು ಹತ್ತಿರಕ್ಕೆ ತರುತ್ತದೆ’ ಎಂದು ರೂಢಿಯಲ್ಲಿ ಹೇಳುತ್ತೇವೆ. ಆದರೆ ಹಕ್ಕಿ ಇದ್ದಲ್ಲಿಯೇ ಇರುತ್ತದೆ; ನಮಗೂ ಅದಕ್ಕೂ ನಡುವೆ ೬೦ ಮೀಟರ್ ಗಾಳಿ ಹಾಗೆಯೇ ಉಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟು ಮುಂದುವರಿಯೋಣ.

ಕೊಳವೆ ಮೋಟಾದುದು ಹೇಗೆ?

೬೦೦ ಮಿ.ಮೀ. ಸಂಗಮದೂರದ ಪೀನಮಸೂರವೊಂದು ದೂರದ ವಸ್ತುವಿನ ಬಿಂಬವನ್ನು ೬೦೦ ಮಿ.ಮೀ. ಹಿಂದೆಯೇ ಮೂಡಿಸಬೇಕು. ಹಾಗಿರಲು ೩೧೮ ಮಿ.ಮೀ. ಉದ್ದದ ಕೊಳವೆ ಹೇಗೆ ಸಾಲುತ್ತದೆ? ಮುಂದೆ ಪೀನಮಸೂರವನ್ನೂ ಹಿಂದೆ ನಿಮ್ನಮಸೂರವನ್ನೂ ಇಡುವುದೇ ಇದರ ಉಪಾಯ. ಹೀಗೆ ಮಾಡಿದ ಲೆನ್ಸಿಗೆ ‘ಟೆಲಿಫೋಟೋ’ ಎಂದು ಹೆಸರು. ೧೮೯೧ರಲ್ಲಿ ಇಂಗ್ಲೆಂಡಿನ ಡಾಲ್ಮೇಯರ್, ಜರ್ಮನಿಯ ಮೀತೆ ಇವರು ಬೇರೆ ಬೇರೆಯಾಗಿ ಇದನ್ನು ಛಾಯಾಗ್ರಹಣಕ್ಕೆ ಅಳವಡಿಸಿದರು.

ನಮ್ಮ ಪ್ರಯೋಗಶಾಲೆಗಳಲ್ಲಿ ಸಿಕ್ಕುವ ಮಸೂರಗಳಿಂದಲೇ ಲೆಕ್ಕ ಮಾಡೋಣ. ಮುಂದಿನದು ೨೦ ಸೆಂ.ಮೀ. ಸಂಗಮದೂರದ ಪೀನಮಸೂರ, ಅದರ ಹಿಂದೆ ೧೫ ಸೆಂ.ಮೀ. ಅಂತರದಲ್ಲಿ ೧೦ ಸೆಂ.ಮೀ. ಸಂಗಮದೂರದ ನಿಮ್ನಮಸೂರ. ಮೊದಲನೆಯದೊಂದೇ ಇದ್ದಿದ್ದರೆ ಬಿಂಬವು ನಿಮ್ನಮಸೂರದ ಸ್ಥಾನದಿಂದ ೫ ಸೆಂ.ಮೀ. ಹಿಂದೆ ಮೂಡುತ್ತಿತ್ತು. ನಿಮ್ನಮಸೂರವು ಕೂಡಿಬರುತ್ತಿರುವ ಕಿರಣಗಳನ್ನು ತುಸು ಅಗಲಿಸಿ, ಬಿಂಬವನ್ನು ೧೦ ಸೆಂ.ಮೀ. ಹಿಂದಕ್ಕೆ ತಳ್ಳುತ್ತದೆ, ಜೊತೆಗೆ ಅದನ್ನು ಎರಡರಷ್ಟು ದೊಡ್ಡದು ಮಾಡುತ್ತದೆ. ಆದುದರಿಂದ ಜೋಡಿಯ ಸಂಗಮದೂರ ೪೦ ಸೆಂ.ಮೀ. ಆಯಿತು, ಮುಂದಿನ ಮಸೂರದಿಂದ ಬಿಂಬದವರೆಗಿನ ಉದ್ದವಾದರೋ ೨೫ ಸೆಂ.ಮೀ. ಮಾತ್ರ.

ಈಗ ನಿಮ್ನಮಸೂರವನ್ನು ೧ ಸೆಂ.ಮೀ. ಮುಂದಕ್ಕೆ ಸರಿಸೋಣ. ಬಿಂಬವು ಅದರಿಂದ ೧೫ ಸೆಂ.ಮೀ. ಹಿಂದೆ ಮೂಡುತ್ತದೆ, ಹಿಗ್ಗು ಎರಡೂವರೆಯಾಗುತ್ತದೆ, ಸಂಗಮದೂರ ೫೦ ಸೆಂ.ಮೀ. ಆಗುತ್ತದೆ. ಒಂದು ಸೆಂಟಿಮೀಟರಿನ ಚಲನೆಯಿಂದ ೪೦ ಇದ್ದುದು ೫೦ ಆಯಿತು. ಜೂಮ್ ಎಂದರೆ ಇದೇ. ಆದರೆ ಬಿಂಬವು ಮುಂದಿನ ಮಸೂರದಿಂದ ೨೫ ಸೆಂ.ಮೀ. ದೂರದಲ್ಲಿದ್ದುದು ೨೯ ಸೆಂ.ಮೀ.ಗೆ ಓಡಿಹೋಯಿತು. ಸೆನ್ಸರು ಅದರ ಬೆನ್ನಟ್ಟಿ ಹೋಗಲಾರದು. ಆದುದರಿಂದ ಬಿಂಬವನ್ನು ಮತ್ತೆ ಸೆನ್ಸರಿನ ಮೇಲೆಯೇ ತಂದು ನಿಲ್ಲಿಸಲು ಇನ್ನೊಂದು ಗುಂಪು ಅದಕ್ಕೆ ತಕ್ಕಂತೆ ಚಲಿಸಬೇಕು. ೩೫ ಮಿ.ಮೀ. ಫಿಲ್ಮಿನ ಸ್ಥಿರಚಿತ್ರದ ಕ್ಯಾಮೆರಾಗಳಿಗೆ ಮೊದಲ ಜೂಮ್ ಲೆನ್ಸಾದ ಜೂಮಾರ್ ೧೯೫೯ರಲ್ಲಿ ಬಂದಾಗ ಅದರ ವ್ಯಾಪ್ತಿ ೩೬ರಿಂದ ೮೨ ಮಿ.ಮೀ. ಮಾತ್ರ. ನಾವು ಎತ್ತಿಕೊಂಡ ಲೆನ್ಸಿನಲ್ಲಿ ಗುಂಪುಗಳೆಲ್ಲವೂ ಕೊಳವೆಯ ಒಳಗೇ ಸರಿಯುತ್ತವೆ. ಹೊರಗಿನ ಉದ್ದ ಬದಲಾಗುವುದಿಲ್ಲ.

ಬಣ್ಣಗಳ ತೊಡಕು

ಗಾಜು ಎಲ್ಲ ಬಣ್ಣಗಳನ್ನೂ ಸಮವಾಗಿ ಬಾಗಿಸುವುದಿಲ್ಲ. ಕೆಂಪಿಗಿಂತ ನೀಲಿ ಹೆಚ್ಚು ಬಾಗುತ್ತದೆ. ಕ್ರೌನ್ ಗಾಜು, ಫ್ಲಿಂಟ್ ಗಾಜು ಇವೆರಡನ್ನೂ ಜೋಡಿಸಿ ಎರಡು ಬಣ್ಣಗಳನ್ನು ಒಂದೆಡೆ ಸೇರಿಸುವ ಕ್ರಮಕ್ಕೆ ಲಂಡನ್ನಿನ ಜಾನ್ ಡಾಲಂಡ್ ೧೭೫೮ರಲ್ಲಿ ಪೇಟೆಂಟ್ ಪಡೆದನು. ಆದರೂ ಉಳಿದ ಬಣ್ಣಗಳು ತುಸು ಆಚೀಚೆ ಉಳಿಯುತ್ತವೆ. ಸಾಮಾನ್ಯ ಜೋಡಿಯಲ್ಲಿ ಈ ಶೇಷದೋಷವು ಸಂಗಮದೂರದ ೨೦೦೦ದಲ್ಲೊಂದು ಭಾಗದಷ್ಟಿರುತ್ತದೆ.

೫೦ ಮಿ.ಮೀ.ಗೆ ಇದು ಅತ್ಯಲ್ಪ. ೬೦೦ ಮಿ.ಮೀ.ಗೆ ೦.೩ ಮಿ.ಮೀ. ಆಗುತ್ತದೆ. ಎಫ್/೬.೩ರ ಲೆನ್ಸಿನಲ್ಲಿ ಇದನ್ನು ೬.೩ರಿಂದ ಭಾಗಿಸಿದರೆ, ಆ ಬಣ್ಣವು ಸೆನ್ಸರಿನ ಮೇಲೆ ಸುಮಾರು ೦.೦೫ ಮಿ.ಮೀ. ಅಗಲಕ್ಕೆ ಹರಡಿಕೊಳ್ಳುತ್ತದೆ. ೨ ಕೋಟಿ ೪೦ ಲಕ್ಷ ಪಿಕ್ಸೆಲ್ಲುಗಳ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ೦.೦೦೬ ಮಿ.ಮೀ. ಎಂದರೆ ಎಂಟು ಪಿಕ್ಸೆಲ್ಲುಗಳಷ್ಟು ಮಸುಕು! ಬೆಳ್ಳಕ್ಕಿಯ ಬಿಳಿಯ ಅಂಚಿಗೆ ನೇರಿಳೆಯ ಸೆರಗು ಕಾಣಿಸಿಕೊಳ್ಳುವುದು ಹೀಗೆ. ಇದನ್ನು ಕಳೆಯಲು ಬಣ್ಣಗಳನ್ನು ಬಹಳ ಕಡಿಮೆ ಬೇರ್ಪಡಿಸುವ ವಿಶೇಷ ಗಾಜು ಬೇಕು. ಅದನ್ನು ‘ಇಡಿ’ ಗಾಜೆಂದು ಕರೆಯುತ್ತಾರೆ. ನಮ್ಮ ಲೆನ್ಸಿನ ೨೪ ಮಸೂರಗಳಲ್ಲಿ ೫ ಈ ಜಾತಿಯವು. ಕೃತಕವಾಗಿ ಬೆಳೆಸಿದ ಫ್ಲೋರೈಟ್ ಹರಳೂ ಇದೇ ಕೆಲಸ ಮಾಡುತ್ತದೆ. ಕ್ಯಾನನ್ ಸಂಸ್ಥೆಯು ೧೯೬೯ರಲ್ಲಿಯೇ ಅದನ್ನು ೩೦೦ ಮಿ.ಮೀ. ಲೆನ್ಸಿನಲ್ಲಿ ಬಳಸಿತು.

ಬೆಳಕಿನ ಲೆಕ್ಕ

ಬಿಂಬ ಹಿಗ್ಗಿದಂತೆ ಬೆಳಕು ಹರಡಿ ತೆಳುವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಹೆಚ್ಚು ಬೆಳಕನ್ನು ಒಳಗೊಳ್ಳುವ ದೊಡ್ಡ ದ್ವಾರ. ಎಫ್/೬.೩ ಎಂದರೆ ದ್ವಾರದ ವ್ಯಾಸವು ಸಂಗಮದೂರವನ್ನು ೬.೩ರಿಂದ ಭಾಗಿಸಿದಷ್ಟು. ೬೦೦ ಮಿ.ಮೀ.ಗೆ ಇದು ಸುಮಾರು ೯೫ ಮಿ.ಮೀ. ಎಫ್/೪ ಬೇಕೆಂದರೆ ೧೫೦ ಮಿ.ಮೀ. ವ್ಯಾಸದ ಗಾಜು ಬೇಕು. ಬೆಳಕು ಎರಡೂವರೆ ಪಾಲು ಹೆಚ್ಚುತ್ತದೆ, ನಿಜ. ಆದರೆ ಗಾಜಿನ ದಪ್ಪವೂ ವ್ಯಾಸದೊಡನೆ ಬೆಳೆಯುವುದರಿಂದ ಮುಂದಿನ ಮಸೂರದ ತೂಕ ಸುಮಾರು ನಾಲ್ಕು ಪಾಲಾಗುತ್ತದೆ. ಸಾಮಾನ್ಯರ ಕೈಗೆಟುಕುವ ಜೂಮ್ ಲೆನ್ಸುಗಳು ಎಫ್/೬.೩ರ ಆಸುಪಾಸಿನಲ್ಲಿ ನಿಲ್ಲುವುದು ಈ ಕಾರಣದಿಂದ.

ಕ್ಯಾಮೆರಾದಲ್ಲಿ ಕನ್ನಡಿಯಿಲ್ಲದಿರುವುದಕ್ಕೂ ಇದಕ್ಕೂ ಏನು ಸಂಬಂಧ? ಕನ್ನಡಿ ಹೋದುದರಿಂದ ಲೆನ್ಸು ಚಿಕ್ಕದಾಯಿತೆಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ೬೦೦ ಮಿ.ಮೀ. ಲೆನ್ಸಿನಲ್ಲಿ ಆ ಲಾಭ ಅಷ್ಟಾಗಿ ಇಲ್ಲ, ೯೫ ಮಿ.ಮೀ. ಗಾಜು ಎಲ್ಲಿದ್ದರೂ ೯೫ ಮಿ.ಮೀ. ಗಾಜೇ. ನಿಜವಾದ ಲಾಭ ಬೇರೆಡೆಯಿದೆ. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ಬೆಳಕಿನ ಒಂದಂಶವು ಅರೆಪಾರದರ್ಶಕವಾದ ಕನ್ನಡಿಯನ್ನು ದಾಟಿ, ತಳದಲ್ಲಿರುವ ಫೋಕಸ್ ಅಳೆಯುವ ಯಂತ್ರಕ್ಕೆ ಹೋಗುತ್ತದೆ. ಆ ಯಂತ್ರವು ದ್ವಾರದ ಎದುರುಬದುರು ಅಂಚುಗಳ ಕಡೆಯಿಂದ ಬರುವ ಕಿರಣಗಳನ್ನು ಹೋಲಿಸಿ, ಫೋಕಸ್ ಎಷ್ಟು ತಪ್ಪಿದೆಯೆಂದು ಹೇಳುತ್ತದೆ. ದ್ವಾರವು ಕಿರಿದಾದರೆ ಆ ಅಂಚಿನ ಕಿರಣಗಳೇ ಇಲ್ಲವಾಗುತ್ತವೆ. ಆದುದರಿಂದ ಸಾಮಾನ್ಯವಾಗಿ ಎಫ್/೫.೬, ಹೆಚ್ಚೆಂದರೆ ಎಫ್/೮ ಅದರ ಮೇರೆಯಾಗಿತ್ತು.

೨೦೦೮ರಲ್ಲಿ ಪ್ಯಾನಸೋನಿಕ್ ಜಿ೧ ಕ್ಯಾಮೆರಾದೊಡನೆ ಕನ್ನಡಿಯಿಲ್ಲದ ಪೀಳಿಗೆಯು ಆರಂಭವಾಯಿತು. ಈ ಪೀಳಿಗೆಯ ಇಂದಿನ ಕ್ಯಾಮೆರಾಗಳಲ್ಲಿ ಸೆನ್ಸರಿನ ಪಿಕ್ಸೆಲ್ಲುಗಳೇ ಆ ಹೋಲಿಕೆಯನ್ನು ಮಾಡುತ್ತವೆ. ಅವು ಕಿರಿದಾದ ದ್ವಾರದಲ್ಲಿಯೂ ಕೆಲಸ ಮಾಡಬಲ್ಲವು. ೨೦೨೩ರಲ್ಲಿ ಕ್ಯಾನನ್ ಸಂಸ್ಥೆಯು ಎಫ್/೬.೩–೯ರ ೨೦೦–೮೦೦ ಮಿ.ಮೀ. ಲೆನ್ಸನ್ನು ತಯಾರಿಸಲು ಸಾಧ್ಯವಾದುದು ಹೀಗೆಯೇ. ೮೦೦ನ್ನು ೯ರಿಂದ ಭಾಗಿಸಿದರೆ ೮೯ ಮಿ.ಮೀ.; ಎಫ್/೫.೬ ಆಗಿದ್ದರೆ ೧೪೩ ಮಿ.ಮೀ. ಬೇಕಾಗುತ್ತಿತ್ತು. ಆದರೆ ಫೋಕಸ್ ಸಾಧ್ಯವಾಯಿತೆಂದ ಮಾತ್ರಕ್ಕೆ ಬೆಳಕು ಹೆಚ್ಚಲಿಲ್ಲ. ಮುಸ್ಸಂಜೆಯಲ್ಲಿ ಎಫ್/೯ರ ಲೆನ್ಸು ಮಂದವೇ.

ಕೈಯ ನಡುಕ, ಗಾಳಿಯ ನಡುಕ

೬೦೦ ಮಿ.ಮೀ.ನಲ್ಲಿ ಒಂದು ಪಿಕ್ಸೆಲ್ಲು ನೋಡುವ ಕೋನ ಸುಮಾರು ೨ ಸೆಕೆಂಡು. ಇಲ್ಲಿ ಸೆಕೆಂಡು ಎಂದರೆ ಡಿಗ್ರಿಯ ೩೬೦೦ನೆಯ ಒಂದು ಭಾಗ. ಕಿಲೋಮೀಟರ್ ದೂರದಲ್ಲಿಟ್ಟ ೧ ಸೆಂ.ಮೀ. ಅಗಲದ ಕಡ್ಡಿಯು ಇಷ್ಟೇ ಕೋನವನ್ನು ಮಾಡುತ್ತದೆ. ಚಿತ್ರ ಮೂಡುವಷ್ಟರಲ್ಲಿ ಕೈ ಇಷ್ಟು ಅಲುಗಿದರೂ ಒಂದು ಪಿಕ್ಸೆಲ್ಲಿನ ಮಸುಕು ಉಂಟಾಗುತ್ತದೆ. ೬೦೦ ಮಿ.ಮೀ.ಗೆ ೧/೬೦೦ ಸೆಕೆಂಡಿಗಿಂತ ನಿಧಾನವಾದ ಶಟರ್ ಬೇಡವೆಂಬ ಹಳೆಯ ನಿಯಮವು ಇದರಿಂದ ಹುಟ್ಟಿದುದು. ಈಗ ಲೆನ್ಸಿನ ಒಳಗಿನ ಒಂದು ಗುಂಪು, ಅಲುಗಾಟವನ್ನು ಅಳೆಯುವ ಉಪಕರಣದ ಸೂಚನೆಯಂತೆ ಪಕ್ಕಕ್ಕೆ ಸರಿದು, ಬಿಂಬವನ್ನು ಸ್ಥಿರವಾಗಿ ಹಿಡಿಯುತ್ತದೆ. ಇದು ಕೈಯ ನಡುಕವನ್ನು ತಡೆಯುತ್ತದೆ. ಹಕ್ಕಿಯ ರೆಕ್ಕೆಯ ಬಡಿತವನ್ನು ತಡೆಯಲಾರದು.

ಗಾಳಿಯ ನಡುಕವನ್ನೂ ತಡೆಯಲಾರದು. ನಮ್ಮ ತಪ್ಪಿನ ಮೂಲವಿದ್ದುದು ಇಲ್ಲಿಯೇ. ಗಾಳಿಯ ವಕ್ರೀಭವನಾಂಕ ಸುಮಾರು ೧.೦೦೦೩. ಉಷ್ಣತೆ ೧ ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹತ್ತು ಲಕ್ಷದಲ್ಲಿ ಒಂದಂಶದಷ್ಟು ಕುಗ್ಗುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ನಡುಹಗಲಿನಲ್ಲಿ ಕಾದ ಕೆಸರು ದಂಡೆಯ ಮೇಲೆ ಬಿಸಿಗಾಳಿಯ ಸುರುಳಿಗಳು ಏಳುತ್ತಲೇ ಇರುತ್ತವೆ. ಒಂದೊಂದು ಸುರುಳಿಯೂ ಒಂದು ದುರ್ಬಲ ಮಸೂರದಂತೆ ಕಿರಣವನ್ನು ಅತ್ತಿತ್ತ ತಿರುಗಿಸುತ್ತದೆ. ಇನ್ನೂರು ಮೀಟರ್ ದಾರಿಯಲ್ಲಿ ಇಂತಹ ನೂರಾರು ಸುರುಳಿಗಳು ಸೇರಿದರೆ ೨ ಸೆಕೆಂಡುಗಳ ಕೋನವು ಎಲ್ಲಿ ಉಳಿದೀತು? ಸುಡುವ ರಸ್ತೆಯ ಆಚೆಗಿನ ಬಸ್ಸು ನಡುಗಿದಂತೆ ಕಾಣುವುದನ್ನು ಎಲ್ಲರೂ ಕಂಡಿದ್ದೇವೆ. ಕೊಕ್ಕರೆಯ ಗರಿ ಕದಡಿದುದೂ ಅದರಿಂದಲೇ.

ಚಿತ್ರಗಳನ್ನು ತೆಗೆದ ಹೊತ್ತನ್ನು ನಾವು ಮೊದಲ ದಿನ ಕೇಳಿಯೇ ಇರಲಿಲ್ಲ. ಎರಡು ದಿನಗಳ ಬಳಿಕ ಕೇಳಿದೆವು. “ಮಧ್ಯಾಹ್ನ ಒಂದು ಗಂಟೆ” ಎಂದನು. ಒಡನೆ ಲೆನ್ಸನ್ನು ಕಾಲೇಜಿನ ಪಡಸಾಲೆಯಲ್ಲಿ ಟ್ರೈಪಾಡಿನ ಮೇಲಿಟ್ಟು, ೧೫ ಮೀಟರ್ ದೂರದ ಗೋಡೆಗೆ ಅಂಟಿಸಿದ ವೃತ್ತಪತ್ರಿಕೆಯ ಚಿತ್ರ ತೆಗೆದೆವು. ಮೂಲೆಯಿಂದ ಮೂಲೆಗೆ ಅಕ್ಷರಗಳೆಲ್ಲ ಮೊನಚಾಗಿದ್ದವು. ಮಾರನೆಯ ದಿನ ಸೂರ್ಯೋದಯದ ಹೊತ್ತಿಗೆ ಇಬ್ಬರೂ ಕೆರೆಗೆ ಹೋದೆವು. ಅದೇ ದಂಡೆ, ಅದೇ ನಡುಗಡ್ಡೆ, ಅದೇ ಲೆನ್ಸು. ಗರಿಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ಹುಡುಗನಿಗೆ ನಾವು ತಪ್ಪು ಹೇಳಿದೆವೆಂದು ಅಲ್ಲಿಯೇ ಒಪ್ಪಿಕೊಂಡೆವು. ಲೆನ್ಸು ಅವನ ಬಳಿಯೇ ಉಳಿಯಿತು.

ನಡುಹಗಲಿನ ಮಸುಕನ್ನು ಕಡಿಮೆಮಾಡಲು ಇನ್ನೊಂದು ದಾರಿಯುಂಟು: ನೀರಿಗಿಳಿದು ಗೂಡಿನ ಹತ್ತಿರಕ್ಕೆ ಹೋಗುವುದು. ಗಾಳಿಯ ಹಾದಿ ಕಿರಿದಾದರೆ ಚಿತ್ರವು ತಿಳಿಯಾಗುತ್ತದೆ. ಆದರೆ ಬೆದರಿದ ಹಕ್ಕಿಯು ಗೂಡು ಬಿಟ್ಟೆದ್ದರೆ, ಮೊಟ್ಟೆಗಳೂ ಮರಿಗಳೂ ಆ ಸುಡುಬಿಸಿಲಿಗೇ ತೆರೆದುಕೊಳ್ಳುತ್ತವೆ. ಅವುಗಳಿಂದ ದೂರ ನಿಲ್ಲಲೆಂದೇ ಈ ಎರಡು ಕಿಲೋಗ್ರಾಮಿನ ಗಾಜನ್ನು ಹೊತ್ತುದಲ್ಲವೇ? ಆದುದರಿಂದ ಇಂತಹ ಕಡೆ ನಾವು ಬದಲಿಸಬೇಕಾದುದು ಸ್ಥಳವನ್ನಲ್ಲ, ಹೊತ್ತನ್ನು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಮೇಲೆ ಹೇಳಿದ ೨೦ ಸೆಂ.ಮೀ. ಪೀನಮಸೂರವನ್ನೂ ೧೦ ಸೆಂ.ಮೀ. ನಿಮ್ನಮಸೂರವನ್ನೂ ಪ್ರಯೋಗಶಾಲೆಯಿಂದ ಪಡೆದು, ಅಳತೆಪಟ್ಟಿಯ ಮೇಲೆ ೧೫ ಸೆಂ.ಮೀ. ಅಂತರದಲ್ಲಿ ನಿಲ್ಲಿಸಿರಿ. ಕಿಟಕಿಯಾಚೆಯ ದೂರದ ಮರವೊಂದರ ಬಿಂಬವನ್ನು ಬಿಳಿಯ ಕಾಗದದ ಮೇಲೆ ಹಿಡಿದು, ಅದರ ಎತ್ತರವನ್ನು ಅಳೆಯಿರಿ. ನಿಮ್ನಮಸೂರವನ್ನು ೧ ಸೆಂ.ಮೀ. ಮುಂದೆ ಸರಿಸಿ ಮತ್ತೊಮ್ಮೆ ಅಳೆಯಿರಿ. ಎರಡು ಎತ್ತರಗಳ ಪ್ರಮಾಣವು ೪ಕ್ಕೆ ೫ರಂತೆ ಬಂದರೆ, ಜೂಮ್ ಲೆನ್ಸಿನ ತತ್ತ್ವವು ನಿಮ್ಮ ಕೈವಶವಾಯಿತೆಂದೇ ತಿಳಿಯಬಹುದು. ಬಾರದಿದ್ದರೆ ಮಸೂರಗಳನ್ನು ದೂರುವ ಮೊದಲು ಅಂತರಗಳನ್ನು ಇನ್ನೊಮ್ಮೆ ಅಳೆದು ನೋಡಿರಿ.